ಥೀಬ್ಸ್ ಗೆದ್ದ ಮೇಲೆ

ಯಲಬುರ್ಗಾದ ಕಾಲೇಜಿನಲ್ಲಿ ಇತಿಹಾಸ ಹೇಳುವ ರುದ್ರೇಶನಿಗೆ ಗ್ರೀಸಿನ ಪಾಠವೆಂದರೆ ಸಹೋದ್ಯೋಗಿಗಳನ್ನು ಮನಸಾರೆ ತೆಗಳುವ ಹೊತ್ತು. ಅಥೆನ್ಸ್ ಎನ್ನುವಾಗ ಕಣ್ಣೆದುರು ಕೊಪ್ಪಳದ ದೇವೇಂದ್ರಪ್ಪ ಬರುತ್ತಿದ್ದರು: ಬಾಯಿ ತೆರೆದರೆ ಭಾಷಣ, ಕೆಲಸ ಸೊನ್ನೆ. ಸ್ಪಾರ್ಟಾ ಎಂದರೆ ಗಂಗಾವತಿಯ ಗವಿಸಿದ್ದೇಶ: ಎನ್‌ಸಿಸಿ ಮೀಸೆ, ಮಾತಿಗೆ ಮುಂಚೆ ಮೇಜಿಗೊಂದು ಗುದ್ದು. ಪ್ರಾಚಾರ್ಯರು ನಿವೃತ್ತರಾಗುವ ತಿಂಗಳದು. ಖಾಲಿಯಾಗುವ ಕುರ್ಚಿಗಾಗಿ ಇಬ್ಬರೂ ಹಲ್ಲು ಮಸೆಯುತ್ತಿದ್ದರು. ರುದ್ರೇಶನಿಗೂ ಅದೇ ಕುರ್ಚಿ ಬೇಕಿತ್ತು. ಆದರೆ ಅವನು ಕುಷ್ಟಗಿಯವನು, ಇವರಂತೆ ದಡ್ಡನಲ್ಲ. ತಾನು ಥೀಬ್ಸ್ ಎಂದುಕೊಂಡಿದ್ದ.

“ಅಥೆನ್ಸ್‌ನೋರು, ಸ್ಪಾರ್ಟಾದೋರು ಇಪ್ಪತ್ತೇಳು ವರ್ಷ ಕಚ್ಚಾಡಿ ಸೊರಗಿದ್ರು. ಆಮ್ಯಾಲೆ ಥೀಬ್ಸ್ ಎದ್ದು ಸ್ಪಾರ್ಟಾದ ಸೊಂಟ ಮುರೀತು,” ಎಂದು ಪ್ರತಿವರ್ಷ ಅಲ್ಲಿಗೇ ಪುಸ್ತಕ ಮುಚ್ಚುತ್ತಿದ್ದ. “ಮುಂದ ಮ್ಯಾಸಿಡೋನಿಯಾ. ಗುಡ್ಡದಾಗ ಕುರಿ ಕಾಯೋ ಮಂದಿ. ನೀವ ಓದ್ಕೊಳ್ರಿ.”

ಕುರಿ ಎನ್ನುವಾಗ ಬೇಕೆಂದೇ ದನಿ ಏರಿಸುತ್ತಿದ್ದ. ಗೋಡೆಯಾಚೆ ಅರ್ಥಶಾಸ್ತ್ರ ಹೇಳುವ ಮಾರೆಮ್ಮ ತಾವರಗೇರಾ ಕಡೆಯ ಕುರಿಗಾರರ ಮಗಳು. ರೊಟ್ಟಿ ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಬರುವವಳು. ಅವಳನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅವನು ಮಾಡಿದ್ದಿಷ್ಟೆ. ದೇವೇಂದ್ರಪ್ಪನವರ ಕಿವಿಯಲ್ಲಿ, “ಗವಿಸಿದ್ದೇಶ ಸರ್ ನಿಮ್ಮನ್ನ ಬಾಯಿಬಡಕ ಅಂದ್ರು ನೋಡ್ರಿ,” ಎಂದ. ಗವಿಸಿದ್ದೇಶನ ಕಿವಿಯಲ್ಲಿ, “ನಿಮಗ ಬರೇ ಲೆಫ್ಟ್ ರೈಟ್ ಬರ್ತೈತಿ ಅಂತಾರ್ರಿ ದೇವೇಂದ್ರಪ್ಪ ಸರ್,” ಎಂದ. ವಾರದೊಳಗೆ ಆ ಇಬ್ಬರು ಪಂಡಿತರು ಒಬ್ಬರ ಮೇಲೊಬ್ಬರು ಆಡಳಿತ ಮಂಡಳಿಗೆ ದೂರು ಬರೆದರು. ಮಂಡಳಿಯವರು ಬೇಸತ್ತು ಇಬ್ಬರನ್ನೂ ಕೈಬಿಟ್ಟು, ಉಳಿದವರಲ್ಲಿ ಮೊದಲು ಕೆಲಸಕ್ಕೆ ಸೇರಿದವರಿಗೆ ಕುರ್ಚಿ ಎಂದರು. ರುದ್ರೇಶ ಆ ಸಂಜೆಯೇ ಹೊಸ ಕೋಟು ಹೊಲಿಯಲು ಕೊಟ್ಟ.

ಹಳೆಯ ಹಾಜರಿ ಪುಸ್ತಕ ತೆಗೆದರು. ರುದ್ರೇಶ, ಮಾರೆಮ್ಮ ಇಬ್ಬರೂ ಸೇರಿದ್ದು ಒಂದೇ ಶುಕ್ರವಾರ. ಅವಳು ಬಸ್ಸಿಳಿದು ಬಂದವಳೇ ಹನ್ನೊಂದಕ್ಕೆ ಸಹಿ ಮಾಡಿದ್ದಳು. ಅವನೋ, ರಾಹುಕಾಲ ಮುಗಿಯಲೆಂದು ಗೇಟಿನ ಹೊರಗೆ ಬೇವಿನ ಮರದಡಿ ಕೂತಿದ್ದ. ಗಳಿಗೆ ನೋಡುವಷ್ಟೂ ತಿಳಿವಳಿಕೆಯಿಲ್ಲದ ಹೆಣ್ಣು ಎಂದು ಅವಳನ್ನು ನೋಡಿ ನಕ್ಕಿದ್ದ. ಅವನ ಸಹಿಯ ಪಕ್ಕ ‘ಅಪರಾಹ್ನ’ ಎಂದಿತ್ತು. ಬರೆದದ್ದು ಅವನದೇ ಕೈ.

ಮರುದಿನ ಪ್ರಾಚಾರ್ಯರ ಕೋಣೆಯಲ್ಲಿ ಮಾರೆಮ್ಮ ಕೂತಿದ್ದರು. ಬುತ್ತಿ ಗಂಟು ಮೇಜಿನ ಮೇಲೇ ಇತ್ತು.

“ಕುಂದರ್ರಿ ಸರ್. ಹತ್ತು ವರ್ಷ ಗ್ವಾಡಿ ಆಚೆಯಿಂದ ನಿಮ್ಮ ಪಾಠ ಕೇಳೇನಿ. ಥೀಬ್ಸ್ ಗೆದ್ದಕೂಡ್ಲೆ ಪುಸ್ತಕ ಮುಚ್ಚತೀರಿ. ಮುಂದ ಅದರದು ಏನಾತ್ರಿ?”

ರುದ್ರೇಶನಿಗೆ ಗೊತ್ತಿತ್ತು. ಅವನು ಹೀಗಳೆದ ಆ ಗುಡ್ಡದ ಮಂದಿಯ ಅಲೆಕ್ಸಾಂಡರ್ ಬಂದು ಥೀಬ್ಸನ್ನು ನೆಲಸಮ ಮಾಡಿದ್ದ, ಉಳಿದವರನ್ನು ಗುಲಾಮರಾಗಿ ಮಾರಿದ್ದ.

“ಅದು ಪರೀಕ್ಷಾದಾಗ ಬರೂದಿಲ್ಲರಿ ಮೇಡಂ,” ಎಂದ. ಮೇಡಂ ಎಂದದ್ದು ಅದೇ ಮೊದಲು.

“ಈ ವರ್ಷ ಹೇಳ್ರಿ,” ಎಂದರು ಮಾರೆಮ್ಮ. “ನಾನೂ ಬಂದು ಹಿಂದಿನ ಬೆಂಚಿನ್ಯಾಗ ಕುಂದರತೀನಿ.”