ಒಲೆಯ ಮೇಲೆ ಒಣಗಿದ ಕಾಲು

“ಕಾಲನ್ನ ಒಲೆ ಮೇಲೆ ಒಣಗಿಸಿದ್ಯಾ? ಅದೇನು ಹಂದಿ ಮಾಂಸ ಅಂದ್ಕೊಂಡ್ಯೇನೇ, ಬೇವಾರ್ಸಿ?”

ವೈದ್ಯಕೀಯ ಶಿಬಿರದ ಗುಮಾಸ್ತ ತೀರ್ಥಪ್ರಸಾದ್ ಕೂಗಿದ್ದು ಶಾಲೆಯ ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೈಸಿಕೊಳ್ಳುವಾಗ ನಗುವುದು ನನ್ನ ಹಳೆಯ ರೋಗ. ಆರನೇ ಕ್ಲಾಸಿನಲ್ಲಿ ಹಾಗೆ ನಕ್ಕೇ ಇನ್ನೆರಡು ಏಟು ತಿಂದು, ಶಾಲೆ ಬಿಟ್ಟು ಕಾಫಿ ಕೊಯ್ಯಲು ಹೋದವಳು ನಾನು.

ಗಡಿಯಲ್ಲಿ ನೆಲಬಾಂಬು ಸಿಡಿದು ಅಣ್ಣ ಚಂದ್ರುವಿನ ಬಲಗಾಲು ಮಂಡಿಯ ಕೆಳಗೆ ಹೋಗಿತ್ತು. ಬದಲಿಗೆ ಕೊಟ್ಟ ಪ್ಲಾಸ್ಟಿಕ್ ಕಾಲು ನಮ್ಮ ಎಸ್ಟೇಟು ಕೂಲಿಗಳ ಲೈನ್‌ಮನೆಯ ಥಂಡಿಗೆ ಬೂಷ್ಟು ಹಿಡಿಯಿತು. ಮಳೆಗಾಲದಲ್ಲಿ ನಾವು ಸೌದೆ, ಬಟ್ಟೆ, ಮೀನು ಎಲ್ಲವನ್ನೂ ಒಲೆಯ ಮೇಲಿನ ಅಟ್ಟದಲ್ಲೇ ಒಣಗಿಸುವುದು. ಕಾಲನ್ನೂ ಅಲ್ಲೇ ಇಟ್ಟೆ. ಬೆಳಿಗ್ಗೆ ನೋಡಿದರೆ ಅಣ್ಣ ಮೊಂಡುಗಾಲು ತೂರಿಸುವ ಅದರ ಬಟ್ಟಲು ಬಿಸಿಗೆ ಸೊಟ್ಟಗಾಗಿತ್ತು. ಮೀನು ಮಾತ್ರ ಚೆನ್ನಾಗಿ ಒಣಗಿತ್ತು.

ಆ ಸೊಟ್ಟ ಬಟ್ಟಲಿನಲ್ಲೇ ಅಣ್ಣ ಎರಡು ತಿಂಗಳು ಉತ್ತಯ್ಯ ಸಾವ್ಕಾರರ ಎಸ್ಟೇಟಿನ ಗೇಟು ಕಾದ. ಈಗ ಮೊಂಡುಗಾಲು ಕೀವಾಗಿ ನಾರುತ್ತಿತ್ತು. ಶಿಬಿರದ ಡಾಕ್ಟರು ನೋಡಿ ಚೀಟಿ ಬರೆದರೆ ದೊಡ್ಡಾಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ತಡವಾದರೆ ಮಂಡಿಯೂ ಉಳಿಯುವುದಿಲ್ಲ ಎಂದು ನರ್ಸಮ್ಮ ಹೇಳಿದ್ದರು.

“ಡಾಕ್ಟ್ರು ಸನ್ಮಾನದ ಸಭೆ ಮುಗಿಸ್ಕಂಡು ಹಂಗೇ ಹೋಗ್ತಾರೆ. ಮುಂದಿನ ಶಿಬಿರಕ್ಕೆ ಬಾ,” ಎಂದ ತೀರ್ಥಪ್ರಸಾದ್.

“ಯಾವಾಗ ಸಾರ್?”

“ಬ್ಯಾನರ್ ಕಟ್ತೀವಲ್ಲ, ಆಗ.”

ಅವನ ತಲೆಯ ಮೇಲೆ ಈ ಸಲದ ಬ್ಯಾನರ್ ಇತ್ತು: ‘ಗಾಯಾಳು ಯೋಧರಿಗೆ ಉತ್ತಮ ಚಿಕಿತ್ಸೆ.’ ಕೂಡಿಸಿ ಓದಿದೆ. ಆರನೇ ಕ್ಲಾಸು ಅಷ್ಟಕ್ಕೆ ಸಾಕಾಯಿತು.

ಅಷ್ಟರಲ್ಲಿ ಅಣ್ಣನನ್ನು ವೇದಿಕೆಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಉತ್ತಯ್ಯ ಸಾವ್ಕಾರರು ಹಾರ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಡಾಕ್ಟರು.

“ಏಯ್ ಚಂದ್ರು, ಎದ್ದು ನಿಲ್ಲೋ! ಮಿಲಿಟ್ರಿಯವನು ಕೂತ್ಕೊಂಡು ಹಾರ ಹಾಕಿಸ್ಕೊಳ್ತಾನೇನೋ? ಫೋಟೋ ಹಾಳಾಗ್ತದೆ.”

ಅಣ್ಣ ಎದ್ದ. ಪ್ಯಾಂಟು ಮಂಡಿಯ ಹತ್ತಿರ ಕೀವಿನಿಂದ ಒದ್ದೆಯಾಯಿತು.

“ಆಗ್ತಿಲ್ಲ ಸಾವ್ಕಾರ್ರೆ.”

“ಗಡೀಲಿ ನಿಂತೋನಿಗೆ ಇಲ್ಲಿ ಎರಡ್ನಿಮಿಷ ಆಗಲ್ವಾ?”

ನಾನು ಯಾವಾಗ ವೇದಿಕೆ ಹತ್ತಿದೆನೋ ಗೊತ್ತಿಲ್ಲ. ಡಾಕ್ಟರಿಗೆ ಹೇಳಲು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು. ಅಣ್ಣನನ್ನು ಕೂರಿಸಿ, ಪ್ಯಾಂಟು ಮಡಚಿ, ಪ್ಲಾಸ್ಟಿಕ್ ಕಾಲಿನ ಪಟ್ಟಿ ಬಿಚ್ಚಿ, ಬೂಟು ಸಮೇತ ಆ ಕಾಲನ್ನು ಎಳೆದು ಸಾವ್ಕಾರರ ಮುಂದೆ ನಿಲ್ಲಿಸಿದೆ.

“ಇದಕ್ಕೆ ಹಾಕಿ ಸಾವ್ಕಾರ್ರೆ. ಇದಕ್ಕೆ ನೋವಿಲ್ಲ. ಎಷ್ಟೊತ್ತು ಬೇಕಾದ್ರೂ ನಿಲ್ತದೆ.”

“ಇಳಿಯೇ ಕೆಳಗೆ, ಮುಂಡೆ!” ತೀರ್ಥಪ್ರಸಾದ್ ಓಡಿ ಬಂದ.

ನನಗೆ ಮತ್ತೆ ನಗು ಬಂತು. ನಗುತ್ತಲೇ ಗಾಯದ ಬಟ್ಟೆ ಬಿಚ್ಚಿದೆ. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ವೇದಿಕೆಯಿಂದ ಇಳಿಯಲು ಒಂದೇ ಕಡೆ ಮೆಟ್ಟಿಲಿತ್ತು. ಅಣ್ಣನ ಕುರ್ಚಿಯನ್ನು ದರದರ ಎಳೆದು ಅದಕ್ಕೆ ಅಡ್ಡ ಇಟ್ಟೆ.

“ನೋಡಿ ಹೋಗಿ ಸಾರ್.”

ಡಾಕ್ಟರು ವಾಚು ನೋಡಿಕೊಂಡರು. ನಾನು ಮೆಟ್ಟಿಲ ಮೇಲೆ ಕುಳಿತುಕೊಂಡೆ.