ಮೂವತ್ತೇಳನೇ ಡಿಸ್ಕ್

ಶುಕ್ರವಾರದೊಳಗೆ ಸರಿಹೋಗದಿದ್ದರೆ ನನ್ನ ಕೆಲಸಕ್ಕೆ ಸಂಚಕಾರ ಎಂದು ನಿರ್ದೇಶಕರು ಸೋಮವಾರವೇ ಹೇಳಿಬಿಟ್ಟರು. ಮೊಂತೆವಿದೆಯೋದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವ ಕಿಟಕಿಗಳಲ್ಲಿ ಓಡುವ ಪ್ರೋಗ್ರಾಂ ಬರೆದವಳು ನಾನು, ಮಾಬೆಲ್. ಮಾರ್ಚ್‌ನಿಂದ ಅದು ತೆವಳುತ್ತಿತ್ತು. ಒಂದು ಔಷಧಿ ಚೀಟಿ ತೆರೆಯಲು ನಲವತ್ತು ಸೆಕೆಂಡು. ಸಾಲಿನಲ್ಲಿ ನಿಂತ ಮುದುಕಿಯರು ಕಿಟಕಿಯವರಿಗೆ ಶಾಪ ಹಾಕಿದರೆ, ಕಿಟಕಿಯವರು ಫೋನು ಮಾಡಿ ನನಗೆ ಹಾಕುತ್ತಿದ್ದರು.

ಮಾಹಿತಿಯೆಲ್ಲ ಇರುವ, ಒಟ್ಟಾಗಿ ಕೆಲಸ ಮಾಡುವ ಅರವತ್ತು ಡಿಸ್ಕ್‌ಗಳ ಕ್ಲಸ್ಟರ್ ನೋಡಿಕೊಳ್ಳುವವನು ಹೆಬರ್. ಹತ್ತೊಂಬತ್ತು ವರ್ಷ ನಮ್ಮೂರಿನ ಕಹಿ ಎಲೆಯ ಬಿಸಿ ಪಾನೀಯ ‘ಮಾತೆ’ಯನ್ನು ಒಂದೇ ಸೋರೆ ಬುರುಡೆಯಿಂದ, ಒಂದೇ ಕೊಳವೆಯಲ್ಲಿ, ಒಬ್ಬರ ಎಂಜಲು ಒಬ್ಬರು ಎನ್ನದೆ ಕುಡಿದವರು ನಾವು.

"ನನ್ನ ಡಿಸ್ಕ್‌ಗಳು ಉತ್ತರ ಕೊಡೋ ಸರಾಸರಿ ನೋಡೇ, ನಲವತ್ತು ಮಿಲಿಸೆಕೆಂಡು, ಕಣ್ಣು ಮಿಟುಕಿಸೋಕಿಂತ ಬೇಗ! ನಿನ್ನ ಪ್ರೋಗ್ರಾಂಗೇ ವಯಸ್ಸಾಗಿದೆ ಮಾರಾಯ್ತಿ, ನಿನ್ನ ಹಾಗೆ" ಅಂದ. ನಾನೂ ನಕ್ಕೆ. ಮೂರು ದಿನ ನನ್ನದೇ ಸಾಲುಗಳನ್ನು ಹೇನು ಹೆಕ್ಕಿದ ಹಾಗೆ ಹೆಕ್ಕಿದೆ. ಏನೂ ಸಿಗಲಿಲ್ಲ.

ಗುರುವಾರ ಸರಾಸರಿಯನ್ನು ಬದಿಗಿಟ್ಟು, ಡಿಸ್ಕ್‌ಗಳನ್ನು ಒಂದೊಂದಾಗಿ ನೋಡಿದೆ. ಐವತ್ತೊಂಬತ್ತು ಚುರುಕಾಗಿದ್ದವು. ಮೂವತ್ತೇಳನೆಯದು ಸಾಯುತ್ತಿತ್ತು. ಪೂರ್ತಿ ಸತ್ತಿದ್ದರೆ ಚೆನ್ನಾಗಿತ್ತು, ಕ್ಲಸ್ಟರ್ ಅದನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಅದು ಉತ್ತರ ಕೊಡುತ್ತಿತ್ತು, ಆದರೆ ಸೆಕೆಂಡುಗಟ್ಟಲೆ ತಡವಾಗಿ. ನಮ್ಮಲ್ಲಿ ಮಾಹಿತಿಯ ಪ್ರತಿ ತುಣುಕನ್ನೂ ಮೂರು ಡಿಸ್ಕ್‌ಗಳಲ್ಲಿ ಬರೆಯುತ್ತಾರೆ. ಮೂರೂ ಹೂಂ ಅನ್ನುವವರೆಗೆ ಕೆಲಸ ಮುಗಿಯುವುದಿಲ್ಲ. ಒಂದು ಚೀಟಿ ತೆರೆದರೆ, ಯಾರು ತೆರೆದರು, ಯಾವ ಔಷಧಿ ಎಷ್ಟು ಉಳಿಯಿತು ಎಂದು ನೂರಾರು ತುಣುಕು ಬರೆಯಬೇಕು, ಅದರಲ್ಲಿ ಹತ್ತಾರು ಅಲ್ಲಿಗೇ ಹೋಗಿ ಸಿಕ್ಕಿಬೀಳುತ್ತಿದ್ದವು.

ಡಿಸ್ಕ್ ಹೀಗಾದರೆ ಹೆಬರ್‌ನ ಫೋನಿಗೆ ಅಲಾರಂ ಬರಬೇಕು, ಅದು ಯಾಕೆ ಹೊಡೆಯಲಿಲ್ಲ? ಹುಡುಕಿದೆ. ಜನವರಿ ಎರಡರಂದು ಹೆಬರ್ ಅದರ ಬಾಯಿ ಮುಚ್ಚಿಸಿದ್ದ. ಜನವರಿ ಅಂದರೆ ನಮ್ಮಲ್ಲಿ ನಡುಬೇಸಿಗೆ, ಊರಿಗೆ ಊರೇ ಕಡಲ ದಂಡೆಯಲ್ಲಿರುತ್ತದೆ, ಮರಳ ಮೇಲೆ ಮಲಗಿದವನಿಗೆ ಫೋನು ಬಡಿದುಕೊಳ್ಳುವುದು ಬೇಡ ಎಂದು ಎಲ್ಲರೂ ಹಾಗೆ ಮಾಡುತ್ತಾರೆ. ವಾಪಸ್ಸು ಬಂದು ಬಿಚ್ಚುವುದನ್ನು ಇವನು ಮರೆತಿದ್ದ. ಬೇಸಿಗೆಯಲ್ಲಿ ಸಾಲೂ ಇರಲಿಲ್ಲ, ಡಿಸ್ಕ್ ಸೊರಗಿದ್ದು ಯಾರಿಗೂ ಗೊತ್ತಾಗಲಿಲ್ಲ; ಮಾರ್ಚ್‌ನಲ್ಲಿ ಜನ ಮರಳಿದ ಮೇಲೇ ಸಾಲು ಬೆಳೆಯಿತು.

ಮೂವತ್ತೇಳನೆಯದರ ನಿಧಾನದ ಗೆರೆಚಿತ್ರವನ್ನು ಕಾಗದಕ್ಕೆ ಇಳಿಸಿ ತಂದು ಹೆಬರ್ ಮುಂದಿಟ್ಟೆ. ಅವನ ಮುಖ ಸುಣ್ಣವಾಯಿತು.

"ಅಯ್ಯೋ... ನಾಳೆ ಮೀಟಿಂಗ್‌ನಲ್ಲಿ ನಾನೇ ಹೇಳ್ತೀನಿ ಕಣೇ. ನೀನು ಬಾಯಿ ಬಿಡಬೇಡ, ನನ್ನ ತಪ್ಪು ನಾನೇ ಹೇಳಿದ್ರೆ ಮರ್ಯಾದೆ."

ನಂಬಿದೆ. ಮೂರ್ಖಳು ನಾನು!

ಶುಕ್ರವಾರ ಬೆಳಿಗ್ಗೆ ಪ್ರೋಗ್ರಾಂ ಹಾರುತ್ತಿತ್ತು. ಹೆಬರ್ ಏಳಕ್ಕೇ ಬಂದು ಮೂವತ್ತೇಳನೆಯದನ್ನು ಕಿತ್ತು ಹಾಕಿದ್ದ. ಡಿಸ್ಕ್ ಹೋದರೆ ಪರದೆಯ ಮೇಲಿನ ಅದರ ಚರಿತ್ರೆಯೂ ಹೋಗುತ್ತದೆ; ಉಳಿದದ್ದು ನನ್ನ ಕಾಗದ ಮಾತ್ರ.

ನಿರ್ದೇಶಕ ಇರಿಗಾರಾಯ್ ಎರಡು ಸಲ ಚೀಟಿ ತೆರೆದು ನೋಡಿದರು. "ಈಗ ಹೇಗೆ ಸರಿಹೋಯ್ತು ಮಾಬೆಲ್ ಅವರೇ?"

ನಾನು ಹೆಬರ್ ಕಡೆ ನೋಡಿದೆ. ಅವನು ಮೇಜನ್ನು ನೋಡುತ್ತಿದ್ದ. ಕಾಗದ ಬಿಚ್ಚಿ ನಾನೇ ಹೇಳಿದೆ.

"ನಂಗೆ ಈ ಗೆರೆಗಳೆಲ್ಲ ಅರ್ಥ ಆಗಲ್ಲ," ಅಂದರು ನಿರ್ದೇಶಕರು. "ಹೆಬರ್, ಹೌದೇನ್ರೀ?"

"ಅರವತ್ತರಲ್ಲಿ ಒಂದು ಡಿಸ್ಕ್, ಸರ್," ಅಂದ ಹೆಬರ್. "ಹಳೇದಾಗಿತ್ತು, ಬದಲಾಯಿಸಿದೆ. ಅದೊಂದ್ರಿಂದ ಇಷ್ಟೆಲ್ಲ ಆಗುತ್ತಾ? ಅವರೇ ಏನೋ ತಿದ್ದಿರ್ಬೇಕು."

ಒಂದು ಅಕ್ಷರವನ್ನೂ ನಾನು ತಿದ್ದಿರಲಿಲ್ಲ.

"ಅಂದ್ರೆ ನಾಲ್ಕು ದಿನದಲ್ಲಿ ಆಗೋ ಕೆಲಸ ಇದು," ಅಂದರು ನಿರ್ದೇಶಕರು. "ಮೂರು ತಿಂಗಳು ರೋಗಿಗಳನ್ನ ಕಾಯಿಸಿದ್ರಿ. ಮೇಲಿಂದ ಬೇರೆಯವರ ಮೇಲೆ ಹಾಕ್ತೀರಿ." ನನ್ನನ್ನು ಕೆಲಸದಿಂದ ತೆಗೆಯುವ ಪತ್ರ ಸಿದ್ಧವಾಗಿಯೇ ಇತ್ತು.

ಪೆಟ್ಟಿಗೆ ಹೊತ್ತು ಹೊರಟಾಗ ಹೆಬರ್ ಲಿಫ್ಟ್‌ವರೆಗೂ ಹಿಂದೆ ಬಂದ. "ಪಿಂಚಣಿಗೆ ಇನ್ನೆರಡೇ ವರ್ಷ ಕಣೇ. ನೀನು ಗಟ್ಟಿಗಿತ್ತಿ, ಎಲ್ಲಿ ಹೋದ್ರೂ ಕೆಲಸ ಸಿಗುತ್ತೆ."

ಐವತ್ಮೂರು ವರ್ಷದವಳಿಗೆ ಯಾರು ಕೊಡುತ್ತಾರೆ ಎಂದು ಕೇಳಬೇಕೆನಿಸಿತು.

"ಆ ಡಿಸ್ಕ್ ಸಾಯ್ತಾ ಇದ್ರೂ, ಕೇಳಿದ್ದಕ್ಕೆ ತಡವಾಗಿಯಾದ್ರೂ ಸರಿಯಾದ ಉತ್ತರ ಕೊಡ್ತಿತ್ತು ಕಣೋ ಹೆಬರ್," ಅಂದೆ.

ಅವನು ಬಾಯಿ ತೆರೆದ. ಲಿಫ್ಟ್ ಬಂತು, ನಾನು ಹತ್ತಿದೆ.