ದೊಡ್ಡ ಮೇಡಂ ಹೆಸರಿನ ಇಪ್ಪತ್ತೊಂಬತ್ತು ತುಂಡುಗಳು

೧
ಈ ಕಥೆ ಎಲ್ಲಿಂದ ಶುರುವಾಗಬೇಕು ಎಂಬುದು ನನ್ನ ಮತ್ತು ದಶಾಂಶನ ನಡುವೆ ಇನ್ನೂ ತೀರದ ತಕರಾರು. ತೀರಿಕೊಂಡವರಿಂದ ಬಂದ ಸಂದೇಶದಿಂದ ಶುರು ಮಾಡಿದರೆ ಓದುಗರು ಪುಟ ತಿರುಗಿಸುತ್ತಾರೆ ಎನ್ನುತ್ತೇನೆ ನಾನು. "ದೆವ್ವದ ಕಥೆ ಅಂದ್ಕೊಂಡು ತಿರುಗಿಸ್ತಾರೆ. ಆಮೇಲೆ ಕಂಪ್ಯೂಟರ್ ರಿಪೇರಿ ನೋಡಿ ಬೈಕೋತಾರೆ" ಎನ್ನುತ್ತಾನೆ ಅವನು.

ಅವನ ಮಾತಿನಲ್ಲಿ ನ್ಯಾಯವಿದೆ. ಆದರೆ ಬರೆಯುತ್ತಿರುವವಳು ನಾನು. ಆದ್ದರಿಂದ:

ಒಂದು ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ, ತೀರಿಕೊಂಡು ಒಂಬತ್ತು ವರ್ಷವಾಗಿದ್ದ ದೊಡ್ಡ ಮೇಡಂ ನಮ್ಮ ತಂಡದ ಪುಟದಲ್ಲಿ ಸಹಾಯ ಕೇಳಿ ಬರೆದಿದ್ದರು. "ಹಂಚಿಕೆ ಮೆಮೊರಿ ಸಿಗುತ್ತಿಲ್ಲ ಎಂದು ಎರರ್ ಬರುತ್ತಿದೆ. ಯಂತ್ರ ಹಳೆಯದು. ಕೆಲಸ ಶೇಕಡಾ ೯೧.೩೭೪ ಆಗಿದೆ. ಗೊತ್ತಿದ್ದವರು ತಿಳಿಸಿ."

೨
(ಇಲ್ಲಿ ಕೋಣೆಯ ವರ್ಣನೆ ಬರಬೇಕು. ಮೊದಲ ಡ್ರಾಫ್ಟಿನಲ್ಲಿ ಎರಡು ಪುಟ ಬರೆದಿದ್ದೆ. ಕಿಟಕಿ, ಬೆಳಕು, ಧೂಳಿನ ಕಣ. ಎಲ್ಲ ಹೊಡೆದುಹಾಕಿದೆ. ಉಳಿದದ್ದು ಇಷ್ಟು.)

ಹವಾಮಾನ ಕಚೇರಿಯ ಮೂರನೇ ಕೋಣೆಯಲ್ಲಿ ಮೂರು ಮೇಜು, ಮೂರು ಕಂಪ್ಯೂಟರು, ಮೂರು ಜನ. ಹಳೆಯ ಪುಸ್ತಕಗಳಲ್ಲಿ ಕೈಯಲ್ಲಿ ಬರೆದಿಟ್ಟಿದ್ದ ಮಳೆಯ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ. ದೊಡ್ಡ ಮೇಡಂ ನಮ್ಮ ಮೇಲಧಿಕಾರಿ. ನಾನು ಟೈಪು ಮಾಡುವವಳು. ನನಗಿಂತ ನಾಲ್ಕು ವರ್ಷ ಚಿಕ್ಕವನಾದ ಮೂರನೆಯವನು ಬೆಳಗಿನ ಹೊತ್ತು ಮಳೆಮಾಪಕ ನೋಡಿ ಬಂದು, ಆಮೇಲೆ ನನ್ನ ತಪ್ಪು ಹುಡುಕುವವನು. ಎಂಥ ಅಂಕಿಯನ್ನೂ ಅವನು ಪೂರ್ಣಾಂಕಕ್ಕೆ ಇಳಿಸುತ್ತಿರಲಿಲ್ಲ. ಎಷ್ಟು ಹೊತ್ತಾಯಿತು ಎಂದರೆ "ಹನ್ನೊಂದು ಇಪ್ಪತ್ಮೂರು" ಎನ್ನುವ ಪ್ರಾಣಿ. ಮೇಡಂ ಅವನನ್ನು ದಶಾಂಶ ಎಂದು ಕರೆದರು, ಆ ಹೆಸರೇ ನಿಂತಿತು.

ಒಂದು ದಿನ ಮೇಡಂ ಮೂರೂ ಯಂತ್ರಗಳಿಗೆ ಒಂದು ಪ್ರೋಗ್ರಾಮು ಹಾಕಿ, ನಮ್ಮ ಮೂವರದ್ದೊಂದು ತಂಡ ಮಾಡಿ ಅದಕ್ಕೆ ಅಂತರ್ಜಾಲದಲ್ಲಿ ಒಂದು ಪುಟವನ್ನೂ ತೆರೆದರು. ಜಗತ್ತಿನ ಯಾರು ಬೇಕಾದರೂ ತಮ್ಮ ಕಂಪ್ಯೂಟರಿನ ಬಿಡುವಿನ ಹೊತ್ತನ್ನು ವಿಜ್ಞಾನಿಗಳಿಗೆ ದಾನ ಕೊಡಬಹುದಿತ್ತು. ನಾವು ಊಟಕ್ಕೆ ಎದ್ದರೆ ಯಂತ್ರಗಳು ನೂರು ವರ್ಷದ ಹವೆಯನ್ನು ಲೆಕ್ಕ ಹಾಕುತ್ತ ಕೂರುತ್ತಿದ್ದವು. ಪರದೆಯ ಮೇಲೆ ಬಣ್ಣದ ಭೂಗೋಳವೊಂದು ನಿಧಾನ ತಿರುಗುತ್ತಿತ್ತು. "ನಾವು ಹಳೇ ಮಳೆ ಟೈಪ್ ಮಾಡ್ತೀವಿ, ಇದು ಮುಂದಿನ ಮಳೆ ಹುಡುಕುತ್ತೆ. ಜಾಣತನ ಯಾರದ್ದು ನೋಡಿ" ಎಂದು ಮೇಡಂ ನಗುತ್ತಿದ್ದರು. ಡಬ್ಬಿ ತೊಳೆದು ಬಂದು ಮೂವರೂ ಆ ಗೋಳದ ಮುಂದೆ ನಿಂತು, ಅಲ್ಲಿ ಈಗ ಯಾವ ಇಸವಿ ನಡೆಯುತ್ತಿದೆ ಎಂದು ನೋಡುತ್ತಿದ್ದೆವು. ಅಷ್ಟು ಸುಖವಾಗಿ ನಾನು ಆಮೇಲೆ ಎಲ್ಲೂ ನಿಂತ ನೆನಪಿಲ್ಲ.

ಟೈಪಿನ ಕೆಲಸ ಮುಗಿದು ನಮ್ಮ ಕೋಣೆ ಮುಚ್ಚಿದಾಗ ಆ ಹಳೆಯ ಯಂತ್ರಗಳು ಯಾರಿಗೂ ಬೇಡವಾಗಿದ್ದವು. ಒಬ್ಬೊಬ್ಬರು ಒಂದೊಂದು ಮನೆಗೆ ಒಯ್ದೆವು.

೩
ಈಗ ನನ್ನ ತಪ್ಪು. (ಇದನ್ನು ಕೊನೆಗೆ ಇಡೋಣ ಅಂದುಕೊಂಡಿದ್ದೆ. ದಶಾಂಶ ಬಿಡಲಿಲ್ಲ.)

ಮೇಡಂ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. ಗಂಟಲಿಗೆ ನಳಿಗೆ ಹಾಕಿದ್ದರಿಂದ ಕೊನೆಯ ತಿಂಗಳು ಮಾತಿರಲಿಲ್ಲ. ಏನಿದ್ದರೂ ಚೀಟಿಯಲ್ಲಿ ಬರೆಯುತ್ತಿದ್ದರು. ನಾನು ದಿನಾ ಸಂಜೆ ಹೋಗುತ್ತಿದ್ದೆ. ದಶಾಂಶನನ್ನು ಅಲ್ಲಿ ಒಂದು ದಿನವೂ ಕಾಣಲಿಲ್ಲ. ಒಮ್ಮೆ ಕೇಳಿಯೂ ಕೇಳಿದೆ: "ಅವನು ಬಂದಿದ್ನಾ ಮೇಡಂ?" ಅವರು ಕಣ್ಣು ಮುಚ್ಚಿಕೊಂಡರು. ನಾನು ಅದನ್ನು ಇಲ್ಲ ಎಂದು ಓದಿಕೊಂಡೆ.

ಅವರು ಹೋದ ಮೇಲೆ ಒಂದು ಕಥೆ ಬರೆದೆ. ಭಾನುವಾರದ ಪುರವಣಿಯಲ್ಲಿ ಬಂತು. ಅದರಲ್ಲಿ ಒಬ್ಬ ಸಹೋದ್ಯೋಗಿ ಆಸ್ಪತ್ರೆಯ ಗೇಟಿನವರೆಗೆ ಬಂದು, ಸಾವಿಗೆ ಹೆದರಿ ವಾಪಸು ಹೋಗುತ್ತಾನೆ. ಹೆಸರು ಬದಲಾಯಿಸಿದ್ದೆ. ಆದರೆ ಅವನು ಗಂಟೆಯನ್ನು ನಿಮಿಷ ಸಮೇತ ಹೇಳುತ್ತಿದ್ದ. ಕಚೇರಿಯವರಿಗೆಲ್ಲ ಗೊತ್ತಾಯಿತು. ದಶಾಂಶ ಫೋನೆತ್ತುವುದನ್ನು ನಿಲ್ಲಿಸಿದ. ಒಂಬತ್ತು ವರ್ಷ.

(ಓದುಗರೇ, ಆ ಕಥೆಯನ್ನು ಹುಡುಕಲು ಹೋಗಬೇಡಿ. ಚೆನ್ನಾಗಿ ಬರೆದಿದ್ದೆ. ಅದೇ ಹೊಟ್ಟೆ ಉರಿಯುವ ವಿಷಯ.)

೪
ಮೇಡಂ ಹೆಸರಿನ ಕೋರಿಕೆಯನ್ನು ಮೊದಲು ಎರಡು ಸಲ ಓದಿದೆ. ಆಮೇಲೆ ೯೧.೩೭೪ ಕಣ್ಣಿಗೆ ಬಿತ್ತು. ಭೂಮಿಯ ಮೇಲೆ ಮೂರು ಅಂಕಿ ಸಮೇತ ಬರೆಯುವವನು ಒಬ್ಬನೇ. ಇನ್ನೊಂದು ವಿಷಯವೂ ಗೊತ್ತಿತ್ತು: ನನ್ನ ಯಂತ್ರಕ್ಕೆ ಮೂರು ವರ್ಷದ ಹಿಂದೆ ಇದೇ ರೋಗ ಬಂದಿತ್ತು, ಎರಡು ದಿನ ತಲೆ ಕೆರೆದುಕೊಂಡು ಗುಣ ಮಾಡಿದ್ದೆ.

ಉತ್ತರವನ್ನು ಬರೆದು ಹಾಕಬಹುದಿತ್ತು. ಫೋನು ಮಾಡಿದೆ. ಎತ್ತಿದ.

"ಆ ಎರರ್ ನಂಗೆ ಗೊತ್ತು" ಎಂದೆ. ಹೇಗಿದ್ದೀಯ, ಏನು ಕಥೆ, ಏನೂ ಕೇಳಲಿಲ್ಲ.

"ಹೇಳಿ" ಎಂದ. ಮುಂಚೆ ಪ್ರತಿ ಮಾತಿಗೂ ಅಕ್ಕ ಎನ್ನುತ್ತಿದ್ದವನು.

"ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ."

"ಆಗಲ್ಲ. ಹೋದ್ಸಲ ಆಫ್ ಆದಾಗ ಮತ್ತೆ ಎದ್ದೇಳೋಕೆ ನಾಲ್ಕು ದಿನ ತಗೊಂಡಿತ್ತು. ಈ ಸಲ ಆಫ್ ಆದ್ರೆ ಮತ್ತೆ ಏಳಲ್ಲ ಅನ್ಸುತ್ತೆ. ಇನ್ನು ಹತ್ತೊಂಬತ್ತು ದಿನಕ್ಕೆ ಆ ವಿಜ್ಞಾನಿಗಳು ಸರ್ವರ್ ಮುಚ್ತಾರೆ. ಹದಿನೆಂಟೂವರೆ ದಿನದ ಕೆಲಸ ಬಾಕಿ ಇದೆ. ಮೇಡಂ ಅಕೌಂಟಲ್ಲಿ ಇದೇ ಕೊನೇ ಕೆಲಸ."

ಏಳು ತಿಂಗಳು ಓಡಿದ ಲೆಕ್ಕ. ಅರ್ಧ ದಿನದ ಅಂತರ.

೫
(ತಾಂತ್ರಿಕ ವಿವರ. ಬೇಡದವರು ಆರಕ್ಕೆ ಹೋಗಬಹುದು, ಆದರೆ ನಷ್ಟ ನಿಮ್ಮದೇ.)

ಕೆಲಸ ಹಂಚುವ ಪ್ರೋಗ್ರಾಮು, ಕೆಲಸ ಮಾಡುವ ಪ್ರೋಗ್ರಾಮು ಎಂದು ಎರಡಿರುತ್ತವೆ. ಒಂದು ಹೇಳಿದ್ದು ಇನ್ನೊಂದಕ್ಕೆ ತಿಳಿಯಲು ಮೆಮೊರಿಯ ಒಂದು ತುಂಡನ್ನು ಎರಡೂ ಬಳಸುತ್ತವೆ. ಒಂದು ಅಲ್ಲಿ ಬರೆದಿಟ್ಟರೆ ಇನ್ನೊಂದು ಓದಿಕೊಳ್ಳುತ್ತದೆ. ಹಳೆಯ ಯಂತ್ರಗಳಲ್ಲಿ ಇಂಥ ತುಂಡುಗಳಿಗೆ ಮಿತಿ ಇತ್ತು, ಇದರಲ್ಲಿ ಮೂವತ್ತೆರಡು. ಕೆಲಸ ಮಾಡುವ ಪ್ರೋಗ್ರಾಮು ನಡುದಾರಿಯಲ್ಲಿ ಮುಗ್ಗರಿಸಿದರೆ ಅದು ಹಿಡಿದಿದ್ದ ತುಂಡು ಯಾರದ್ದೂ ಅಲ್ಲದೆ ಹಾಗೇ ಉಳಿದುಬಿಡುತ್ತದೆ. ಹೀಗೆ ಉಳಿದುಳಿದು ಜಾಗ ಭರ್ತಿಯಾದರೆ ಹೊಸ ತುಂಡು ಸಿಗುವುದಿಲ್ಲ. ಕೆಲಸ ನಿಲ್ಲುತ್ತದೆ.

(ನೆನಪು, ಹಂಚಿಕೆ, ಯಾರದ್ದೂ ಅಲ್ಲದೆ ಉಳಿದದ್ದು. ಕಥೆಗಾರ್ತಿಯ ಬಾಯಲ್ಲಿ ನೀರೂರುವ ಜಾಗ ಇದು. ದಶಾಂಶ ಕೆಂಪು ಶಾಯಿಯಲ್ಲಿ ಬರೆದಿದ್ದಾನೆ: "ಇದು ಬರೀ ಕಂಪ್ಯೂಟರ್. ಮುಂದೆ ಹೋಗಿ." ಹೋಗುತ್ತೇನೆ.)

೬
ಆಫ್ ಮಾಡದೆ ಉಳಿಯುವ ದಾರಿ ಒಂದೇ. ವಾರಸುದಾರರಿಲ್ಲದ ತುಂಡುಗಳನ್ನು ಒಂದೊಂದಾಗಿ ಅಳಿಸುವುದು. ಆಜ್ಞೆ ಟೈಪು ಮಾಡುವ ಕಪ್ಪು ಕಿಟಕಿ ತೆರೆಸಿ, ತುಂಡುಗಳ ಪಟ್ಟಿ ಕೇಳುವ ಆಜ್ಞೆಯನ್ನು ಐ, ಪಿ, ಸಿ, ಎಸ್ ಎಂದು ಅಕ್ಷರ ಅಕ್ಷರವಾಗಿ ಹೇಳಿದೆ. ಪಟ್ಟಿ ಬಂತು.

"ಪ್ರತಿ ಸಾಲಲ್ಲೂ ಒಂದು ಗುರುತಿನ ನಂಬರು, ಆಮೇಲೆ ಯಾರ ಹೆಸರಲ್ಲಿದೆ ಅಂತ, ಕೊನೇಲಿ ಎಷ್ಟು ಪ್ರೋಗ್ರಾಮು ಹಿಡ್ಕೊಂಡಿದೆ ಅಂತ ಇರುತ್ತೆ. ಕೊನೇಲಿ ಸೊನ್ನೆ ಇದ್ರೆ ಮಾತ್ರ ಅಳಿಸು. ಬೇರೇದು ಅಳಿಸಿದ್ರೆ ಪರದೆನೇ ಹೋಗ್ಬಹುದು."

"ಸೊನ್ನೆ ಇರೋದು ಇಪ್ಪತ್ತೊಂಬತ್ತು."

"ಓದ್ಕೊಂಡು ಹೋಗು."

ಮೊದಲ ಸಾಲು ಓದಿದ. ಗುರುತಿನ ನಂಬರು ಓದಿದ. ಹೆಸರಿನ ಜಾಗದಲ್ಲಿ ಮೇಡಂ ಹೆಸರು ಓದಿದ. ಅದು ಮೇಡಂ ಮನೆಗೆ ಒಯ್ದಿದ್ದ ಯಂತ್ರವೇ, ಅದರಲ್ಲಿ ಅವರ ಹೆಸರಿನಲ್ಲೇ ಅವನು ಇಷ್ಟು ವರ್ಷ ಒಳಹೋಗುತ್ತಿದ್ದನಂತೆ. "ಸೊನ್ನೆ" ಎಂದ.

"ಅಳಿಸ್ಲಾ?"

"ಅಳಿಸು."

ಎರಡನೆಯದು. ನಂಬರು, ಮೇಡಂ ಹೆಸರು, ಸೊನ್ನೆ. "ಅಳಿಸ್ಲಾ?" ಮೂರನೆಯದು. ಹೆಸರು ಬಿಟ್ಟು ಬರೀ ನಂಬರು ಹೇಳಬಹುದಿತ್ತು. ದಶಾಂಶ ಬಿಡುವ ಪೈಕಿ ಅಲ್ಲ. ಹನ್ನೆರಡನೆಯ ಸಲ ಅವರ ಹೆಸರು ಹೇಳುವಾಗ ಅವನ ದನಿ ಒಡೆಯಿತು. ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಿದ್ದೆ. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ಏಳಲಿಲ್ಲ.

ಇಪ್ಪತ್ತೊಂಬತ್ತು ಮುಗಿಯಿತು. ಪ್ರೋಗ್ರಾಮನ್ನು ಮತ್ತೆ ಓಡಿಸಲು ಹೇಳಿದೆ. ಫೋನಿನ ಆ ಕಡೆ ಫ್ಯಾನಿನ ಗೊರಗೊರ ಕೇಳಿಸಿತು.

"೯೧.೩೭೪" ಎಂದ. ಕಾದೆವು. ತುಂಬ ಹೊತ್ತಾದ ಮೇಲೆ: "೯೧.೩೭೫."



೭
"ಮೇಡಂ ಯಂತ್ರ ನಿನ್ ಹತ್ರ ಹೇಗೆ ಬಂತು?" ಎಂದು ಕೇಳಿದೆ. ಕೇಳಬೇಕಾಗಿದ್ದ ಪ್ರಶ್ನೆ ಅದಲ್ಲ ಎಂದು ಕೇಳುವಾಗಲೇ ಗೊತ್ತಿತ್ತು.

"ಅವ್ರ ತಂಗಿ ತಂದುಕೊಟ್ರು. ಮೇಡಂ ಚೀಟಿಲಿ ಬರೆದಿಟ್ಟಿದ್ರಂತೆ, ಬೆಳಿಗ್ಗೆ ಬರೋನಿಗೆ ಕೊಡು ಅಂತ."

"ಬೆಳಿಗ್ಗೆ?"

"ಮಳೆಮಾಪಕ ನೋಡೋಕೆ ಹೋಗ್ತಿದ್ನಲ್ಲ. ಅದಕ್ಕೆ ಮುಂಚೆ, ಐದೂ ಐವತ್ತಕ್ಕೆ. ನರ್ಸು ಬಿಡ್ತಿದ್ರು. ಹಿಂದಿನ ದಿನದ ಅಂಕಿ ಓದಿ ಹೇಳ್ತಿದ್ದೆ. ಅವ್ರು ಕೇಳಿಸ್ಕೊಂಡು ಹಾಗೇ ಕಣ್ಣು ಮುಚ್ಚೋರು."

ಕಣ್ಣು ಮುಚ್ಚುವುದೆಂದರೆ ಹೂಂ ಎಂದು. ನಳಿಗೆ ಹಾಕಿದ ಮೇಲೆ ತಲೆ ಆಡಿಸಿದರೆ ನೋಯುತ್ತಿತ್ತಂತೆ. ಅದು ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

"ಯಾಕೋ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಬರೆದ್ರಿ."

ತಪ್ಪಾಯಿತು ಎಂದೆ. ಅಷ್ಟು ದೊಡ್ಡ ಕಥೆಗಾರ್ತಿಗೆ ಆ ಹೊತ್ತಿನಲ್ಲಿ ಅದೊಂದೇ ಮಾತು ಸಿಕ್ಕಿದ್ದು. "ನಾಳೆ ಮತ್ತೆ ಪಟ್ಟಿ ನೋಡ್ಬೇಕಾ ಅಕ್ಕಾ?" ಎಂದ.

"ದಿನಾ ನೋಡ್ಬೇಕು" ಎಂದೆ. ವಾರಕ್ಕೊಮ್ಮೆ ನೋಡಿದರೂ ಸಾಕಾಗಿತ್ತು.

೮
ಅಂದಿನಿಂದ ಪ್ರತಿ ಬೆಳಿಗ್ಗೆ ಫೋನು ಮಾಡುತ್ತಾನೆ. ಈ ಕಥೆಯ ಪ್ರತಿ ಪುಟವನ್ನೂ ಓದಿ ತಿದ್ದುತ್ತಾನೆ. ಅದು ಅವನ ಷರತ್ತು. ಅಂತ್ಯಗಳನ್ನೂ ತೋರಿಸಿದೆ.

ಅಂತ್ಯ ಒಂದು: ಕೆಲಸ ಸರ್ವರ್ ಮುಚ್ಚುವ ಮುಂಚೆ ಮುಗಿಯುತ್ತದೆ. ಮೇಡಂ ಹೆಸರಿನ ಮುಂದೆ ಹಸಿರು ಗುರುತು. "ಸಿನಿಮಾ" ಎಂದ.

ಅಂತ್ಯ ಎರಡು: ೯೯.೯೯೮ಕ್ಕೆ ಕರೆಂಟು ಹೋಗುತ್ತದೆ. "ಕೆಟ್ಟ ಬಾಯಿ" ಎಂದು ಫೋನಿಟ್ಟ.

ಇದನ್ನು ಬರೆಯುತ್ತಿರುವ ಹೊತ್ತಿಗೆ ಹನ್ನೆರಡು ದಿನವಾಗಿದೆ. ಇವತ್ತಿನ ಅಂಕಿ ೯೭.೦೦೮. ಮುಗಿಯುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಗೊತ್ತಾಗುವವರೆಗೆ ಕಾದು ಬರೆಯುವ ತಾಳ್ಮೆಯೂ ಇಲ್ಲ. ನಾಳೆ ಬಸ್ಸು ಹತ್ತಿ ಅವನ ಮನೆಗೆ ಹೋಗುತ್ತಿದ್ದೇನೆ.

ಒಂದು ವಿಷಯ ಮಾತ್ರ ಉಳಿದಿದೆ. ಕೊನೆಯ ದಿನ ಬೆಳಿಗ್ಗೆ ಮೇಡಂ ಅವನ ಕೈಗೆ ಒಂದು ಚೀಟಿ ಕೊಟ್ಟರಂತೆ. ಏನು ಬರೆದಿತ್ತು ಎಂದು ನಿನ್ನೆ ಕೇಳಿದೆ.

"ಅದು ನಂದು ಅಕ್ಕಾ" ಎಂದ.

ಮೇಡಂ ಅಕ್ಷರ ನನಗೆ ಗೊತ್ತು, ಅವರ ಮಾತಿನ ಧಾಟಿ ಗೊತ್ತು. ಆ ಚೀಟಿಗೆ ಒಪ್ಪುವ ಮೂರು ವಾಕ್ಯ ನನ್ನ ಹತ್ತಿರ ಸಿದ್ಧವಾಗಿವೆ. ಮೂರರಲ್ಲಿ ಯಾವುದನ್ನು ಇಲ್ಲಿ ಇಟ್ಟರೂ ನೀವು ನಂಬುತ್ತೀರಿ.

ಇಡುವುದಿಲ್ಲ.